ಬಾಯಿಪಾಳಿ, ಕೈಪಾಳಿ

ಆ ಊರಿನವರು ಶಾಲೆಯನ್ನು ಕಣ್ಣಿನಿಂದ ಅಳೆಯುತ್ತಿರಲಿಲ್ಲ, ಕಿವಿಯಿಂದ ಅಳೆಯುತ್ತಿದ್ದರು. ಸಂಜೆ ಶಾಲೆ ಬಿಡುವ ಮುಂಚೆ ನಾಲ್ಕೂ ಇಯತ್ತೆಯ ಮಕ್ಕಳು ಎದ್ದು ನಿಂತು ಮಗ್ಗಿ ಹೇಳಬೇಕು. ಮಾಸ್ತರರಲ್ಲಿ ಒಬ್ಬರು ಮುಂದೆ ನಿಂತು ಎತ್ತಿಕೊಡಬೇಕು. ಆ ದನಿ ಕೆರೆಯ ಏರಿಯ ತನಕ ಹೋಗಬೇಕು. ಅಲ್ಲಿ ಎಮ್ಮೆಗೆ ನೀರು ಕುಡಿಸುತ್ತ ನಿಂತವರು, "ಇವತ್ತ ಹದಿನಾರರಾಗ ಸ್ವಲ್ಪ ಜೋಲಿ ಹೊಡದ್ರು ನೋಡ" ಎಂದು ತೀರ್ಪು ಕೊಡುತ್ತಿದ್ದರು. ದನಿ ಜೋರಿದ್ದರೆ ಮಾಸ್ತರ ಚಲೋ. ಕೇಳಲಿಲ್ಲವೆಂದರೆ ಮಾಸ್ತರ ಮಲಗಿದ್ದಾನೆ. ಬೇರೆ ತಪಾಸಣೆ ಅವರಿಗೆ ಬೇಕಿರಲಿಲ್ಲ.

ಊರು ಸವಣೂರು ತಾಲೂಕಿನದು, ಯಲವಿಗಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಶಿಗ್ಗಾವಿಯಿಂದ ಅಲ್ಲಿಗೆ ಮುಖ್ಯಾಧ್ಯಾಪಕಿಯಾಗಿ ಬಂದಿದ್ದೆ. ಶಾಲೆಯೆಂದರೆ ಒಂದೇ ಒಂದು ಉದ್ದನೆಯ ಪಡಸಾಲೆ. ಮಣ್ಣಿನ ಗೋಡೆ, ಮೇಲೆ ಹಂಚು, ನಡುವೆ ಅಡ್ಡಗೋಡೆ ಇಲ್ಲ. ನಾಲ್ಕು ಇಯತ್ತೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂಡುತ್ತಿದ್ದವು. ಒಬ್ಬರು ದನಿ ಎತ್ತಿದರೆ ಪಕ್ಕದವರು ಅದಕ್ಕಿಂತ ಮೇಲೆ ಎತ್ತಬೇಕು. ಎರಡನೆಯ ಇಯತ್ತೆಯ ಹಿರಿಯ ಮಾಸ್ತರರು ಭಜನಾ ಮೇಳದವರು. ಅವರು ಬಾಯಿ ತೆಗೆದರೆ ಹಂಚಿನ ಮೇಲಿನ ಪಾರಿವಾಳ ಏಳುತ್ತಿದ್ದವು. ಒಂದನೆಯದಕ್ಕೆ ಒಬ್ಬ ಎಳೆಯ ಮಾಸ್ತರ. ನಾಲ್ಕನೆಯದು ನನ್ನದು. ಮೂರನೆಯದು, ಹಿರಿಯ ಮಾಸ್ತರರಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ ಅಕ್ಕೋರದು. ಈ ಕಥೆ ಅವಳದು.

ಅವಳು ಹಾನಗಲ್ ಕಡೆಯವಳು. ಅವಳ ಅಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡ ಮನೆತನದವರು, ಕೂಲಿ ಮಾಡಿ ಮಗಳನ್ನು ಟ್ರೇನಿಂಗ್ ಓದಿಸಿದವರು. ಅಪ್ಪ ತೀರಿಕೊಂಡ ಮೇಲೆ ತಂಗಿಯ ಓದು ಇವಳ ಹೆಗಲಿಗೆ ಬಂದಿತ್ತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಈ ಊರಲ್ಲಿ ಬಾಡಿಗೆಗೆ ಕೋಣೆ ಸಿಗಲು ಅವಳು ಮೂರು ಓಣಿ ಸುತ್ತಿದ್ದಳು. ಕೊನೆಗೆ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಮುದುಕಿಯ ಹಿತ್ತಲಮನೆ ಸಿಕ್ಕಿತು. ತೆಳ್ಳಗಿನ ಮೈ, ಆದರೆ ನಾಲ್ವರಲ್ಲಿ ಹೆಚ್ಚು ಒದರುತ್ತಿದ್ದವಳು ಅವಳೇ. ನಾನು ಒಮ್ಮೆ, "ತಂಗಿ, ಸಾವಕಾಶ ಹೇಳ, ಹುಡುಗರು ಕಿವುಡರಲ್ಲ" ಎಂದಿದ್ದೆ. ಆಗ ಅವಳು ನಕ್ಕು, "ಹುಡುಗರಿಗಲ್ರಿ ಅಕ್ಕೋರ, ನಾ ಹೇಳೂದು ಕೆರಿ ಏರಿ ಮ್ಯಾಲಿನವ್ರಿಗೆ. ನಮ್ಮಂಥವ್ರ ದನಿ ಒಂದ ದಿನ ಕೇಳಲಿಲ್ಲಂದ್ರ ಊರಾಗ ಬ್ಯಾರೇ ಮಾತ ಬರ್ತಾವು" ಎಂದಳು.

ದಸರೆ ಸೂಟಿ ಮುಗಿದು ಶಾಲೆ ತೆರೆದ ಮೇಲೆ ಅವಳ ದನಿ ಒಡೆಯತೊಡಗಿತು. ಮುಂಜಾನೆ ಸ್ವಲ್ಪ ನೆಟ್ಟಗಿರುವುದು, ಮಧ್ಯಾಹ್ನಕ್ಕೆ ಒಣ ದಂಟು ಮುರಿದ ಹಾಗೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡಳು. ಅರಿಷಿಣ ಹಾಕಿದ ಹಾಲು ಕುಡಿದಳು. ಮುದುಕಿ ಹೇಳಿದಂತೆ ಬಿಸಿ ಬೂದಿಯ ಗಂಟನ್ನು ಕುತ್ತಿಗೆಗೆ ಕಟ್ಟಿಕೊಂಡಳು. ಯಾವುದೂ ನಾಟಲಿಲ್ಲ. ಒಂದು ದಿನ ಹಾಜರಿ ಕರೆಯುವಾಗ ಅರ್ಧ ಹೆಸರು ಗಾಳಿಯಾಗಿಯೇ ಹೊರಬಂದವು. ಮರುದಿನವೇ ನಾನು ಅವಳನ್ನು ರೈಲು ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದೆ.

ಗಂಟಲು ಡಾಕ್ಟರರು ಸಣ್ಣ ಕನ್ನಡಿಯನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಅವಳ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಒಳಗೆ ನೋಡಿದರು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕನ್ನಡಿ ತೆಗೆದು ಅವರು ಕೇಳಿದರು:

"ಒಕ್ಕಲುತನ ಮಾಡೋರ ಕೈಯಾಗ ಜಡ್ಡು ಬೀಳೂದು ನೋಡೀರಿಲ್ಲೋ?"

"ನೋಡೇವ್ರಿ."

"ಹಂಗ ಇವ್ರ ಗಂಟಲದಾಗ ಜಡ್ಡು ಬಿದ್ದೈತಿ. ದನಿ ಹೊರಡೂ ಜಾಗಾದಾಗ. ಒಂದ ತಿಂಗಳು ಬಾಯಿ ಮುಚ್ಚಬೇಕು. ಪಿಸುಗುಟ್ಟೂದೂ ಬ್ಯಾಡ, ಅದಕ್ಕ ಇನ್ನೂ ಜಗ್ಗಬೇಕಾಗ್ತದ. ಆಮ್ಯಾಲೂ ಜನ್ಮ ಇರೂತನಾ ಸಣ್ಣ ದನೀಲೆ ಮಾತಾಡಬೇಕು."

"ಹಂಗ ಮಾಡಲಿಲ್ಲಂದ್ರ?" ಎಂದೆ.

"ದನಿ ಹೋಗ್ತದ. ಹೋಗಿದ್ದು ತಿರುಗಿ ಬರ್ತದಂತ ನಾ ಬರಕೊಡಲಾರೆ."

ಬರುವಾಗ ರೈಲಿನಲ್ಲಿ ಅವಳು ನನ್ನ ಅಂಗೈ ಮೇಲೆ ಬೆರಳಿನಿಂದ 'ರಜಾ ಇಲ್ಲ' ಎಂದು ಬರೆದಳು. ನನಗೂ ಗೊತ್ತಿತ್ತು. ಅಪ್ಪನ ಕಾಯಿಲೆಯಲ್ಲಿ ಇದ್ದ ರಜೆಯೆಲ್ಲ ಹೋಗಿತ್ತು. ಹಂಗಾಮಿ ನೌಕರಿಯವರು ತಿಂಗಳು ಮನೆಯಲ್ಲಿ ಕೂತರೆ ಆ ಜಾಗಕ್ಕೆ ಬೇರೆಯವರು ಬಂದುಬಿಡುತ್ತಾರೆ. ಎಂದರೆ ಅವಳು ದಿನವೂ ಶಾಲೆಗೆ ಬರಬೇಕು, ಪಾಠ ಮಾಡಬೇಕು, ಬಾಯಿ ತೆರೆಯಬಾರದು.

ಮೊದಲು ಹೊಳೆದದ್ದು ಅಡ್ಡಗೋಡೆ. ಗೋಡೆ ಕಟ್ಟಿಸುವವರು ಯಾರು? ಗೋಣಿಚೀಲ ಬಿಚ್ಚಿ ಹೊಲಿದು, ಅದಕ್ಕೆ ಮಣ್ಣು ಸಗಣಿ ಬಳಿದು, ಹಗ್ಗದ ಮೇಲೆ ಇಳಿಬಿಟ್ಟರೆ ಪಕ್ಕದ ಇಯತ್ತೆಯ ಗದ್ದಲ ಅರ್ಧವಾದರೂ ತಡೆದೀತು ಎಂದು ಲೆಕ್ಕ ಹಾಕಿದೆ. ಊರಿನ ಒಬ್ಬ ವ್ಯಾಪಾರಿ ಹಳೆಯ ಚೀಲಗಳನ್ನು ಪುಕ್ಕಟೆ ಕೊಟ್ಟರು. ನಾವು ನಾಲ್ವರೂ ಒಂದು ರವಿವಾರ ಕೆರೆಯಲ್ಲಿ ಅವನ್ನು ಬಡಿದು ಒಗೆದು, ಒಣಗಿಸಿ, ಬಳಿದು ತೂಗುಹಾಕಿದೆವು. ನೋಡಲು ಚೆಂದವೇ ಕಂಡಿತು.

ಸೋಮವಾರ ಬಿಸಿಲು ಏರಿ ಹಂಚು ಕಾದ ಮೇಲೆ ತಿಳಿಯಿತು, ಆ ಚೀಲಗಳು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೊತ್ತವು. ನೂಲು ನೂಲಿನಲ್ಲಿ ಖಾರ ಕೂತಿತ್ತು. ಎಷ್ಟು ಒಗೆದರೂ ಹೋಗಿರಲಿಲ್ಲ. ಮಕ್ಕಳು ಗೋಣಿತಟ್ಟು ಜಗ್ಗಿ ಆಡಿದ ಹಾಗೆಲ್ಲ ಘಾಟು ಏಳುತ್ತಿತ್ತು. ಮೊದಲು ಒಂದನೆಯ ಇಯತ್ತೆ ಸೀನಿತು. ಆಮೇಲೆ ಪಡಸಾಲೆಯೇ ಸೀನಿತು.

"ಒಗ್ಗರಣಿ ಒಂದ ಬಾಕಿ ಐತ್ರಿ ದೊಡ್ಡಕ್ಕೋರ" ಎಂದು ಹಿರಿಯ ಮಾಸ್ತರರು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಗುತ್ತಿದ್ದೆ. ತಿರುಗಿ ನೋಡಿದರೆ ಮೂರನೆಯ ಇಯತ್ತೆಯ ಅಕ್ಕೋರು ಗೋಡೆಗೆ ಕೈ ಊರಿ, ಬಾಗಿ, ನಿಲ್ಲದ ಹಾಗೆ ಕೆಮ್ಮುತ್ತಿದ್ದಳು. ಸದ್ದು ಮಾಡಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಹಿರಿಯ ಮಾಸ್ತರರ ನಗು ಅಲ್ಲಿಯೇ ನಿಂತಿತು. ತಟ್ಟುಗಳನ್ನು ಆಗಲೇ ಕಿತ್ತು ಹೊರಗೆ ಒಗೆದೆವು. ಅವಳ ಗಂಟಲಿಗೆ ಅದರಿಂದ ಒಂದು ವಾರ ಹೆಚ್ಚೇ ಬಾಧೆಯಾಯಿತು.

ಎರಡನೆಯ ದಾರಿ ತೋರಿಸಿದ್ದು ಗೂಡ್ಸ್ ಗಾಡಿ. ಶಾಲೆಯ ಬೆನ್ನಿಗೇ ರೈಲು ಹಳಿ. ಗೂಡ್ಸ್ ಹೋಗುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗಾಡಿ ಉದ್ದವಿದ್ದರೆ ಬಹಳ ಹೊತ್ತು ಸುಮ್ಮನಿರಲೇಬೇಕು. ಅಷ್ಟು ದಿನ ಅದನ್ನು ಪಾಠ ಕೆಡಿಸುವ ಪೀಡೆ ಎಂದೇ ಬೈಯುತ್ತಿದ್ದೆವು. ಆ ದಿನ ಗಾಡಿ ಹೋಗುತ್ತಿರುವಾಗ ನಾನು ಪಡಸಾಲೆಯ ತುಂಬ ಕಣ್ಣಾಡಿಸಿದೆ. ನನ್ನ ಮಕ್ಕಳು ಹಲಗೆಯ ಮೇಲಿದ್ದ ಲೆಕ್ಕವನ್ನು ಪಾಟಿಯಲ್ಲಿ ತಾವಾಗಿ ಮಾಡುತ್ತಿದ್ದರು. ಹಿರಿಯ ಮಾಸ್ತರರು ಗಡಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಎಳೆಯ ಮಾಸ್ತರ ಒಬ್ಬ ಹುಡುಗನ ಕೈ ಹಿಡಿದು ಅಕ್ಷರ ತೀಡಿಸುತ್ತಿದ್ದ. ಅವಳು ಇಬ್ಬರ ಪಾಟಿ ನೋಡಿ, ತಪ್ಪಿನ ಕೆಳಗೆ ಗೆರೆ ಎಳೆದು, ಮುಂದೆ ಸರಿದಿದ್ದಳು. ಗಾಡಿ ಹೋಯಿತು. ನಾಲ್ಕು ಗಂಟಲೂ ಒಮ್ಮೆಲೇ ಒದರತೊಡಗಿದವು.

ಸಂಜೆ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದೆ: ಗಾಡಿ ಬರದಿದ್ದಾಗಲೂ ಬಂದಂತೆ ನಡೆದುಕೊಳ್ಳೋಣ. ಹೊಲಕ್ಕೆ ಕಾಲುವೆ ನೀರು ಪಾಳಿಯ ಮೇಲೆ ಬಿಡುವ ಹಾಗೆ ಮಾತಿಗೂ ಪಾಳಿ. ಒಂದು ಹೊತ್ತಿಗೆ ಒಂದೇ ಇಯತ್ತೆ ಬಾಯಿ ತೆರೆಯಬೇಕು. ಅದು ಬಾಯಿಪಾಳಿ. ಉಳಿದ ಮೂರಕ್ಕೂ ಕೈಪಾಳಿ: ಬರೆಯುವುದು, ಲೆಕ್ಕ, ಹುಣಸೆಬೀಜ ಎಣಿಸಿ ಜೋಡಿಸುವುದು, ಮಣ್ಣಿನಲ್ಲಿ ಅಕ್ಷರ ಮಾಡುವುದು, ನಕಾಶೆ ತೆಗೆಯುವುದು.

ಹಿರಿಯ ಮಾಸ್ತರರು ಒಪ್ಪಲಿಲ್ಲ. "ಮೂವತ್ತ ವರ್ಷ ಒದರಿ ಒದರಿ ಸರಕಾರದ ಅನ್ನಾ ತಿಂದೇನ್ರಿ. ಈಗ ಸುಮ್ಮ ಕುಂತ್ರ ಅದು ಹೊಟ್ಟ್ಯಾಗ ಇಳೀತದೇನು?"

ಅವರ ಎದುರು ಕುಳಿತಿದ್ದ ಅವಳು ಪಾಟಿಯಲ್ಲಿ ಬರೆದು ತೋರಿಸಿದಳು: 'ಗುರುಗಳ, ನಿಮಗೂ ಸಂಜಿಮುಂದ ಕೆಮ್ಮು ಬರ್ತೈತಿ. ನಾ ಬೆನ್ನ ಹಿಂದನ ಇರ್ತೇನಿ. ಕೇಳಸ್ತೈತಿ.'

ಅವರು ಪಾಟಿಯನ್ನೇ ನೋಡುತ್ತ ಕೂತರು. ಮರುದಿನ ಬರುವಾಗ ಪಂಚೆಯ ಗಂಟಿನಲ್ಲಿ ತಮ್ಮ ಭಜನೆಯ ಚಿಪಳಿ ತಂದಿದ್ದರು. ಬೆರಳಿಗೆ ಸಿಕ್ಕಿಸಿ ಬಾರಿಸುವ ಎರಡು ಕಟ್ಟಿಗೆ ತುಂಡು, ಅಂಚಿಗೆ ಹಿತ್ತಾಳೆಯ ಬಿಲ್ಲೆ. ಅದನ್ನು ಅವಳ ಮೇಜಿನ ಮೇಲಿಟ್ಟು, "ದೇವರ ಮುಂದ ಭಾಳ ಬಾರಿಸೇನಿ. ಇನ್ನ ನೀ ಬಾರಸವ್ವ" ಎಂದರು.

ಚಿಪಳಿಯ ಭಾಷೆಯನ್ನು ಮಕ್ಕಳು ಬೇಗ ಕಲಿತರು. ಒಂದು ಏಟು ಹೊಡೆದರೆ ಬಾಯಿ ಮುಚ್ಚಿ ಪಾಟಿ ಮೇಲೆತ್ತಿ ತೋರಿಸಬೇಕು. ಎರಡು ಹೊಡೆದರೆ ಒರೆಸಬೇಕು. ಬಿಲ್ಲೆ ಅಲುಗಾಡಿಸಿದರೆ ಅಕ್ಕೋರ ಮುಖ ನೋಡಬೇಕು. ಅವಳು ಹಲಗೆಯ ಮೇಲೆ ಬರೆಯುವಳು, ಬೆರಳಿನಿಂದ ತೋರಿಸುವಳು, ಹುಬ್ಬಿನಿಂದ ಬೈಯುವಳು. ಮೂರನೆಯದರ ಬಾಯಿಪಾಳಿ ಬಂದಾಗ ಪುಸ್ತಕ ಓದಿಸಲು ನಾನು ಹೋಗುತ್ತಿದ್ದೆ, ಅವಳು ನನ್ನ ನಾಲ್ಕನೆಯದರ ಕೈಪಾಳಿ ನೋಡಿಕೊಳ್ಳುತ್ತಿದ್ದಳು. ಯಾರ ಪಾಳಿ ಎಂದು ತಿಳಿಯಲು ಕೆಂಪು ಖಣದ ತುಂಡೊಂದನ್ನು ಕೋಲಿಗೆ ಕಟ್ಟಿ, ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟಿದ್ದೆವು. ಆ ಡಬ್ಬಿ ಯಾರ ಮುಂದಿದೆಯೋ ಮಾತು ಅವರದು. ಹಲಗೆಯನ್ನು ಒಣ ಬಟ್ಟೆಯಿಂದ ಬಡಿಯುವುದನ್ನು ಬಿಟ್ಟು ಒದ್ದೆ ಅರಿವೆಯಿಂದ ಒರೆಸತೊಡಗಿದೆವು. ಖಡುವಿನ, ಎಂದರೆ ಸೀಮೆಸುಣ್ಣದ, ಪುಡಿ ಗಂಟಲಿಗೆ ಹೋಗುವುದು ಕಡಿಮೆಯಾಯಿತು. ಪ್ರತಿಯೊಬ್ಬರ ಮೇಜಿನ ಕೆಳಗೆ ಒಂದೊಂದು ಸಣ್ಣ ಗಡಿಗೆ ನೀರು.

ಸುಲಭವಾಗಿ ನಡೆಯಿತು ಎನ್ನಲಾರೆ. ಒಂದನೆಯ ಇಯತ್ತೆಯ ಕೂಸುಗಳನ್ನು ಸುಮ್ಮನೆ ಕೂಡಿಸುವುದು ಯಾರಿಂದಲೂ ಆಗದ ಮಾತು. ಅವರನ್ನು ಬೇವಿನ ಗಿಡದ ಕೆಳಗೆ ಕಳಿಸಿದೆವು. ಪಾಟಿ ಇಲ್ಲದವರು ನೆಲದ ಮೇಲೆ ಬರೆದರು. ಪಾಳಿಯ ಹೊತ್ತು ತಪ್ಪಿ ಎರಡು ಇಯತ್ತೆ ಒಮ್ಮೆಲೇ ಓದಿದ ದಿನಗಳೂ ಇದ್ದವು. ಆದರೂ ನಡೆಯಿತು. ಸಂಜೆ ಮನೆಗೆ ಹೋಗುವಾಗ ತಲೆ ಗುಂಯ್ಗುಡುವುದು ನಿಂತಿತು. ಎಳೆಯ ಮಾಸ್ತರ ಮಾತ್ರೆ ನುಂಗುವುದನ್ನು ಬಿಟ್ಟ. ಹಿರಿಯ ಮಾಸ್ತರರ ಹೆಂಡತಿ ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ತಕರಾರು ಮಾಡಿದರು: "ಏನ ಮಾಡಿದ್ರಿ ದೊಡ್ಡಕ್ಕೋರ ನಮ್ಮನಿಯವ್ರಿಗೆ? ಇಷ್ಟ ವರ್ಷ ಸಂಜಿಗೆ ಬಂದು ಸುಮ್ಮ ಉಂಡು ಮಕ್ಕೋತಿದ್ರು. ಈಗ ಪಲ್ಯಾಕ್ಕ ಉಪ್ಪ ಕಮ್ಮಿ ಆಗೇತಿ ಅಂತ ಹೇಳೂವಷ್ಟು ದನಿ ಬಂದೈತಿ."

ತಿಂಗಳು ಕಳೆದು ಡಾಕ್ಟರರು ಮತ್ತೆ ನೋಡಿ, ಜಡ್ಡು ಇಳಿಯುತ್ತಿದೆ, ಇನ್ನೂ ಒಂದು ತಿಂಗಳು ಹೀಗೆಯೇ ಇರಿ, ದಿನಕ್ಕೆ ನಾಲ್ಕಾರು ಮಾತು ಸಣ್ಣಗೆ ಆಡಬಹುದು ಎಂದರು. ಮರುದಿನ ಮುಂಜಾನೆ ಅವಳು ನನ್ನ ಬಳಿ ಬಂದು, ಹೊಸ ಸೀರೆ ತೋರಿಸುವವಳ ಹಾಗೆ ನಿಂತು, "ಚಹಾ ಆತೇನ್ರಿ ಅಕ್ಕೋರ?" ಎಂದಳು. ದನಿ ಸಣ್ಣದಿತ್ತು, ಒಡೆದಿರಲಿಲ್ಲ.

ಅಷ್ಟರಲ್ಲಿ ಊರು ಕಿವಿ ನಿಮಿರಿಸಿತ್ತು. ಸಂಜೆಯ ಮಗ್ಗಿಯನ್ನು ನಾನು ನಿಲ್ಲಿಸಿರಲಿಲ್ಲ. ದಿನಕ್ಕೆ ಒಂದು ಇಯತ್ತೆ ಮಾತ್ರ, ಸಾದಾ ದನಿಯಲ್ಲಿ, ಎಂದು ಮಾಡಿದ್ದೆ. ಅದು ಕೆರೆ ಏರಿಗೆ ಮುಟ್ಟುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ನಮ್ಮ ಶಾಲೆಗೆ ಹೊಸ ಹೆಸರು ಬಿತ್ತು: ಮೂಕಸಾಲಿ. ಕೆಲವರು ಮಕ್ಕಳನ್ನು ಹತ್ತಿ ಬಿಡಿಸಲು ಕರೆದೊಯ್ದರು. "ಅಲ್ಲೂ ಸುಮ್ಮ ಕೂಡೂದು, ಇಲ್ಲಿ ಹೊಲದಾಗರ ಕೆಲಸಾ ಆಗ್ತೈತಿ" ಎಂಬುದು ಅವರ ನ್ಯಾಯ. ಕೊನೆಗೆ ಪಂಚಾಯತಿಯ ಚೇರಮನ್ನರು ಬಂದರು. ಬಾಗಿಲಲ್ಲೇ ನಿಂತು ಪಡಸಾಲೆಯನ್ನು ನೋಡಿದರು.

"ಏನ್ರಿ ಅಕ್ಕೋರ, ಊರಾಗ ಹೆಣ ಬಿದ್ದಾಗ ಸುದ್ದಾ ನಮ್ಮ ಮಂದಿ ಇಷ್ಟು ಸುಮ್ಮ ಇರೂದಿಲ್ಲ."

"ಬರ್ರಿ, ಕುಂಡ್ರಿ. ಹುಡುಗರು ಲೆಕ್ಕಾ ಮಾಡಾಕತ್ತಾರ. ಪಾಟಿ ನೋಡ್ರಿ."

"ಪಾಟಿ ನನಗ ಓದಾಕ ಬರೂದಿಲ್ಲ. ನಾ ಕಿವೀಲೆ ಕೇಳಾವ. ಮಗ್ಗಿ ಯಾಕ ನಿಂತೈತಿ ಹೇಳ್ರಿ."

ನಾನು ಡಾಕ್ಟರರು ಹೇಳಿದ್ದನ್ನು, ಜಡ್ಡಿನ ಸಂಗತಿಯನ್ನು, ಪಾಳಿಯನ್ನು ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕೇಳಿದ ಮೇಲೆ ಮೂರನೆಯ ಇಯತ್ತೆಯ ಕಡೆ ಗದ್ದ ಚಾಚಿ, "ಆ ಕೇರಿಯವ್ರಿಗೆ ಸರಕಾರ ನೌಕರಿ ಕೊಟ್ಟೈತಿ. ದನಿ ಕೊಡೂದು ಮರತೈತೇನು?" ಎಂದರು.

ಚಿಪಳಿ ಹಿಡಿದಿದ್ದ ಅವಳ ಕೈ ಅಲ್ಲಿಯೇ ನಿಂತಿತು. ಹಿರಿಯ ಮಾಸ್ತರರು ಎದ್ದು, "ಚೇರಮನ್ರ, ನನಗೂ ಜಡ್ಡ ಬಿದ್ದೈತ್ರಿ, ನನ್ನ ಕೇರಿ ಯಾವದು ಹೇಳ್ರಿ" ಎಂದರು. ಚೇರಮನ್ನರು ಮುಖ ತಿರುಗಿಸಿ ಹೊರಟರು. ಆ ವಾರವೇ ಊರವರ ಸಹಿ ಹೆಬ್ಬೆಟ್ಟುಗಳ ಅರ್ಜಿ ಮೇಲಿನ ಕಚೇರಿಗೆ ಹೋಯಿತು. ತಪಾಸಣೆಗೆ ಸಾಹೇಬರು ಬರುತ್ತಾರೆಂದು ನಿರೋಪ ಬಂತು.

ಹಿಂದಿನ ದಿನ ನಾಲ್ವರೂ ಕೂತೆವು. ಹಿರಿಯ ಮಾಸ್ತರರದು ಸಾದಾ ಮಾತು: "ನಾಳೆ ಒಂದ ದಿನ ಗದ್ದಲಾ ಹಾಕೂಣ್ರಿ. ಮಗ್ಗಿ ನಾ ಎತ್ತಿಕೊಡ್ತೇನಿ. ಸಾಹೇಬರು ಹೋದ ಮ್ಯಾಲೆ ನಮ್ಮ ಪಾಳಿ ನಮಗ." ಎಳೆಯ ಮಾಸ್ತರನೂ ಅದನ್ನೇ ಹೇಳಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಯೋಚಿಸಿದ್ದು ಬೇರೆ. ಒಂದು ದಿನ ತೋರಿಸಿದರೆ ಮಗ್ಗಿಯ ಮೇಲೆ ಚಲೋ ಷರಾ ಬೀಳುತ್ತದೆ. ಮುಂದೆ ದಿನವೂ ಅದನ್ನೇ ಕೇಳುತ್ತಾರೆ. ಪಾಳಿಯನ್ನು ಬಚ್ಚಿಟ್ಟರೆ ನಾವೇ ಅದನ್ನು ಕಳ್ಳತನ ಎಂದು ಒಪ್ಪಿಕೊಂಡ ಹಾಗೆ. ಪಾಳಿಯನ್ನೇ ತೋರಿಸೋಣ, ಮಕ್ಕಳ ಪಾಟಿಯೇ ಮಾತಾಡಲಿ ಎಂದು ನಿರ್ಧರಿಸಿದೆ. "ತಪ್ಪಾದ್ರ ನನ್ನ ಮ್ಯಾಲೆ ಬರಲಿ" ಎಂದೆ. ಅವಳು ಚಿಪಳಿಯ ಬಿಲ್ಲೆಗಳನ್ನು ಸೆರಗಿನಿಂದ ತಿಕ್ಕುತ್ತ ಕೂತಿದ್ದಳು.

ಸಾಹೇಬರು ಮಧ್ಯಾಹ್ನ ಬಂದರು. ಜೊತೆಗೆ ಚೇರಮನ್ನರು, ಕಿಟಕಿಗಳಲ್ಲಿ ಊರ ಮಂದಿ. ಕೆಟ್ಟ ಮನುಷ್ಯರೆಂದು ನಾನು ಅವರನ್ನು ಹೇಳಲಾರೆ. ದಣಿದಿದ್ದರು, ಮುಂದಿನ ಊರಿಗೆ ಹೋಗುವ ಅವಸರದಲ್ಲಿದ್ದರು. ಕೆಂಪು ಖಣ ಎರಡನೆಯ ಇಯತ್ತೆಯ ಮುಂದಿತ್ತು. ಅವರು ಮೂರನೆಯದರ ಮುಂದೆ ಹೋಗಿ ನಿಂತರು. ಅವಳು ಚಿಪಳಿಯನ್ನು ಒಂದು ಏಟು ಹೊಡೆದಳು. ಪಾಟಿಗಳು ಮೇಲೆದ್ದವು. ಬಹುತೇಕ ಎಲ್ಲ ಲೆಕ್ಕವೂ ಸರಿ. ಸಾಹೇಬರು ಒಂದೆರಡು ಪಾಟಿ ನೋಡಿದರು.

"ಪಾಠ ಯಾವಾಗ ಮಾಡ್ತೀರಿ ಅಕ್ಕೋರ?"

ನಾನು ಮುಂದೆ ಬಂದು ಹೇಳಿದೆ: "ಇದೇ ಪಾಠ ಸಾಹೇಬರ. ಗಂಟಲು ಬ್ಯಾನಿ, ಮಾತಾಡಬಾರದಂತ ಡಾಕ್ಟರು—"

"ಮಾತಾಡಾಕ ಬರದವ್ರು ಪಾಠ ಹ್ಯಾಂಗ ಮಾಡ್ತಾರ?" ಸಾಹೇಬರು ನನ್ನ ಕಡೆ ತಿರುಗಿದರು. "ಇದನ್ನ ಮಾಡಾಕ ನಿಮಗ ಅಪ್ಪಣಿ ಕೊಟ್ಟವ್ರ ಯಾರು? ನಿಮ್ಮ ಮ್ಯಾಲೆ ಬರೀಬೇಕಾಗ್ತದ ನಾ."

"ಬರೀರಿ" ಎಂದೆ. "ಪಾಟಿ ನೋಡಿ ಬರೀರಿ ಅಷ್ಟ."

ಚೇರಮನ್ನರು ನಕ್ಕರು. ಕಿಟಕಿಯಲ್ಲಿದ್ದ ಯಾರೋ, "ಪಗಾರ ಬಾಯಿಗೋ ಕೈಗೋ ಕೇಳ್ರೀ ಸಾಹೇಬರ" ಎಂದ. ಇನ್ನೂ ನಾಲ್ಕು ಮಂದಿ ನಕ್ಕರು.

ಆಗ ಅವಳು ಚಿಪಳಿಯನ್ನು ಮೇಜಿನ ಮೇಲಿಟ್ಟಳು. ನಾನು ನೋಡುತ್ತಿದ್ದೆ, ಕೈ ಚಾಚಿ ಬೇಡ ಎಂದೂ ಸನ್ನೆ ಮಾಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಪಡಸಾಲೆಯ ನಡುವೆ ಬಂದು, ಸೆರಗು ಬಿಗಿದು, ಕೆರೆಯ ಏರಿಯ ಕಡೆ ಮುಖ ಮಾಡಿ ನಿಂತು, "ಹದಿಮೂರ ಒಂದಲೆ ಹದಿಮೂರು" ಎಂದು ಎತ್ತಿದಳು.

ಆ ದನಿ ಎಲ್ಲಿತ್ತೋ. ಎರಡು ತಿಂಗಳು ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಚೆಲ್ಲಿದಂತಿತ್ತು. ನಾಲ್ಕೂ ಇಯತ್ತೆಯ ಮಕ್ಕಳು ಎದ್ದು ನಿಂತರು. ಅವರಿಗೂ ದನಿಯ ಹಸಿವಾಗಿತ್ತೇನೋ, ಹಂಚು ಹಾರುವ ಹಾಗೆ ಒದರಿದರು. ಹದಿಮೂರು ಮುಗಿಯಿತು. ಹದಿನಾಲ್ಕು. ಹದಿನಾಲ್ಕರ ನಡುವೆ ಎಲ್ಲಿಯೋ ಅವಳ ದನಿ ನಿಂತುಹೋಯಿತು. ಒಡೆಯಲಿಲ್ಲ, ನಿಂತುಹೋಯಿತು. ಬಾಯಿ ಮಾತ್ರ ಆಡುತ್ತಿತ್ತು. ಮಕ್ಕಳು ಅವಳ ತುಟಿ ನೋಡಿಕೊಂಡು ಹದಿನಾರರ ತನಕ ಮುಗಿಸಿದರು. ಆ ಗದ್ದಲದಲ್ಲಿ ಅದು ಸಾಹೇಬರಿಗೂ ಊರಿಗೂ ತಿಳಿಯಲಿಲ್ಲ. ನಮಗೆ ಮೂವರಿಗೆ ತಿಳಿಯಿತು. ಹಿರಿಯ ಮಾಸ್ತರರು ಗೋಡೆಯ ಕಡೆ ತಿರುಗಿ ನಿಂತರು.

"ಇದಕ್ಕ ನೋಡ್ರಿ ಸಾಲಿ ಅನ್ನೂದು!" ಎಂದು ಚೇರಮನ್ನರು ಚಪ್ಪಾಳೆ ತಟ್ಟಿದರು. ಅವರು ಮನಸಾರೆ ಸಂತೋಷಪಟ್ಟಿದ್ದರು. ಸಾಹೇಬರು 'ಮಗ್ಗಿ ಉತ್ತಮ' ಎಂದು ಷರಾ ಬರೆದು, ಚಹಾ ಕುಡಿದು ಹೋದರು. ನನ್ನ ಮೇಲೆ ಏನೂ ಬರೆಯಲಿಲ್ಲ. ಅವಳು ಮೂಲೆಯಲ್ಲಿ ಕೂತು ನೀರು ಕುಡಿಯಲು ನೋಡುತ್ತಿದ್ದಳು, ನುಂಗಲಾಗುತ್ತಿರಲಿಲ್ಲ. ಬಾಯೊರೆಸಿಕೊಂಡ ಸೆರಗಿನ ಅಂಚಿನಲ್ಲಿ ತುಸು ಕೆಂಪಿತ್ತು.

"ಯಾಕ ತಂಗಿ?" ಎಂದೆ.

ಅವಳು ಪಾಟಿ ಎಳೆದುಕೊಂಡು ಬರೆದಳು: 'ನಿಮ್ಮ ಮ್ಯಾಲೆ ಬರೀತಿದ್ರು.' ಅದನ್ನು ಒರೆಸಿ ಮತ್ತೆ ಬರೆದಳು: 'ನಗತಿದ್ರು.'

ಹುಬ್ಬಳ್ಳಿಯ ಡಾಕ್ಟರರು ಈ ಸಲ ಕನ್ನಡಿ ತೆಗೆದ ಮೇಲೆ ಜಡ್ಡಿನ ಮಾತೆತ್ತಲಿಲ್ಲ. ಒಳಗೆ ನೆತ್ತರು ಹೆಪ್ಪುಗಟ್ಟಿದೆ, ಅದು ಮಾಗಿದರೂ ಗಾಯದ ಗುರುತು ಉಳಿಯುತ್ತದೆ ಎಂದು ಸಾವಕಾಶವಾಗಿ ಹೇಳಿ ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದುಕೊಂಡು, ಅವಳಿಗೆ ಒದರಬೇಕಿಲ್ಲದ ಕೆಲಸ ಕೊಡಿಸಲು ನಾನು ಕಚೇರಿಗೆ ಅಲೆದೆ. ಎರಡನೆಯ ಸಲ ಹೋದಾಗ ಅಲ್ಲಿಯ ಗುಮಾಸ್ತರು, ನನಗೆ ಉಪಕಾರ ಮಾಡಿದ ನಗುಮುಖದಿಂದ ಹೇಳಿದರು: "ನಿಮ್ಮ ಅಕ್ಕೋರದು ಕೆಲಸಾ ಆತ್ರಿ. ಹಿರೇಕೆರೂರ ತಾಲೂಕಿಗೆ ವರ್ಗ ಮಾಡೇವಿ. ಏಕೋಪಾಧ್ಯಾಯ ಶಾಲೆ. ಹುಡುಗರು ಕಮ್ಮಿ. ಅರಾಮ ಇರ್ತಾರ."

"ಒಬ್ಬರ ನಾಲ್ಕೂ ಇಯತ್ತೆ ನೋಡಬೇಕಲ್ರಿ" ಎಂದೆ.

"ಬ್ಯಾರೇ ಮಾಸ್ತರ ಇಲ್ಲಂದ ಮ್ಯಾಲೆ ಯಾರ ಜೋಡೀನೂ ಪೈಪೋಟಿ ಇಲ್ಲ. ಒದರೂದು ಯಾಕ ಬೇಕು?"

ಅವಳನ್ನು ಮುಟ್ಟಿಸಲು ನಾನೇ ಹೋದೆ. ಹಂಸಭಾವಿಯಿಂದ ಮಾಸೂರಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲೇ ಒಂದು ಸಣ್ಣ ಹಳ್ಳಿ. ರಸ್ತೆಗೆ ಹತ್ತಿದ ಒಂದು ಕೋಣೆ, ಅದೇ ಶಾಲೆ. ಮಕ್ಕಳ ತಾಯಂದಿರೆಲ್ಲ ಭತ್ತದ ಗದ್ದೆಗೆ ಕೂಲಿಗೆ ಹೋಗುವವರು. ನಾನು ಅವರಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ಒಬ್ಬ ಹೆಂಗಸು ಇವಳನ್ನು ಮೇಲಿಂದ ಕೆಳಗೆ ನೋಡಿ, "ಇರಲಿ ಬಿಡ್ರಿ. ನಮ್ಮ ಹುಡುಗರಿಗೆ ಮನ್ಯಾಗ ಒದರೋರು ಭಾಳ ಮಂದಿ ಅದಾರ" ಎಂದಳು. ಅದನ್ನು ಕೇಳಿ ಇವಳು ನಕ್ಕಳು. ಸದ್ದಿಲ್ಲದ ನಗು. ನಾನು ಬಸ್ಸು ಹತ್ತುವಾಗ ಚೀಲದಿಂದ ಚಿಪಳಿ ತೆಗೆದು ತೋರಿಸಿದಳು. ಹಿರಿಯ ಮಾಸ್ತರರು ಅದನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ನಮ್ಮ ಶಾಲೆಯಲ್ಲಿ ಪಾಳಿಯನ್ನು ನಾನು ಬಿಡಲಿಲ್ಲ. ಸಂಜೆಯ ಮಗ್ಗಿಯನ್ನು ಮಾತ್ರ ಊರಿಗೆ ಬಿಟ್ಟುಕೊಟ್ಟೆ. ಎತ್ತಿಕೊಡುವ ಕೆಲಸವನ್ನು ಮಾಸ್ತರರಿಂದ ತೆಗೆದು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಹಚ್ಚಿದೆ. ಚೇರಮನ್ನರು ತೃಪ್ತರಾದರು.

ಆಮೇಲೆ ನನಗೆ ತರಬೇತಿ ಶಿಬಿರ, ಪರೀಕ್ಷೆ ಕೆಲಸ ಎಂದು ಆ ಕಡೆ ಹೋಗುವುದು ಬೀಳುತ್ತಿತ್ತು. ಬಸ್ಸು ಆ ಕೋಣೆಯ ಮುಂದೆಯೇ ಹಾಯುತ್ತಿತ್ತು. ಪ್ರತಿ ಸಲವೂ ಕಿಟಕಿಗೆ ಕಿವಿ ಕೊಟ್ಟು ಕೂಡುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರೆ, ಅವಳು ಇದ್ದಾಳೆ ಎಂದು ಅರ್ಥ. ಕಿವಿಯಿಂದ ಶಾಲೆಯನ್ನು ಅಳೆಯುವ ಆ ಊರಿನ ಚಟ ನನಗೂ ಹತ್ತಿತ್ತು, ತಿರುಗುಮುರುಗಾಗಿ.

ಎಂಬತ್ತರ ದಶಕ ಬಂದಾಗಿತ್ತು. ಮಾಸೂರಿನಲ್ಲಿ ಕೆಲಸ ಮುಗಿಸಿಕೊಂಡು ಹಂಸಭಾವಿಗೆ ಬರುತ್ತಿದ್ದೆ. ಹಳ್ಳಿ ಇನ್ನೂ ದೂರವಿರುವಾಗಲೇ ಗಾಳಿಯಲ್ಲಿ ಮಗ್ಗಿ ಕೇಳಿತು. ಬಸ್ಸಿನ ಸದ್ದನ್ನೂ ಮೀರಿ, ಗಟ್ಟಿಯಾಗಿ, ಹದಿನೈದರ ಮಗ್ಗಿ.

"ಇದು ಯಾವ ಸಾಲಿಪಾ?" ಎಂದೆ ಕಂಡಕ್ಟರನಿಗೆ. ಗೊತ್ತಿದ್ದೂ ಕೇಳಿದೆ.

"ಇದ ಹಳ್ಳಿದ್ರೀ ಯವ್ವಾ. ಹೊಸ ಮಾಸ್ತರ ಬಂದಾನ, ಹುಲಿ ಅದಾನ ಹುಲಿ. ಈಗ ಸಾಲಿ ಸಾಲಿ ಆಗೇತಿ. ಮೊದಲೊಬ್ಬ ಅಕ್ಕೋರಿದ್ರು, ಬರೇ ಚಿಪಳಿ ಬಾರಸ್ತಿದ್ರು."

"ಅವರೆಲ್ಲಿ ಹೋದ್ರು?"

"ದನಿ ಇಲ್ಲದವ್ರು ಮಾಸ್ತರಕಿಗೆ ಬರೂದಿಲ್ಲಂತ ಮ್ಯಾಲಿನವ್ರು ಮನಿಗೆ ಕಳಿಸಿದ್ರಂತ್ರಿ. ಹಾನಗಲ್ಲ ಕಡೆ ತಂಗಿ ಮನ್ಯಾಗ ಅದಾರಂತ ಹೇಳ್ತಾರ. ಹೋಗೂಮುಂದ ಹೆಂಗಸರು ಭಾಳ ಅತ್ರು ನೋಡ್ರಿ. ಹಂಗ ಚಲೋ ಅಕ್ಕೋರ ಪಾಪ, ಸುಳ್ಳ ಯಾಕ ಹೇಳೂದು."

ಶಾಲೆ ಹತ್ತಿರ ಬಂತು. ಎತ್ತಿಕೊಡುತ್ತಿದ್ದ ದನಿ ಸ್ಪಷ್ಟವಾಯಿತು. ಎಳೆಯ ದನಿ, ಹುರುಪಿನ ದನಿ. ಆದರೆ ಪ್ರತಿ ಸಾಲಿನ ತುದಿಯಲ್ಲಿ ಒಣ ದಂಟು ಮುರಿದಂಥ ಒಂದು ಸಣ್ಣ ಸಪ್ಪಳ. ಬಸ್ಸಿನಲ್ಲಿದ್ದ ಬೇರೆಯವರಿಗೆ ಅದು ಕೇಳುವುದು ಸಾಧ್ಯವಿರಲಿಲ್ಲ. ನನಗೆ ಆ ಸಪ್ಪಳದ ಪರಿಚಯವಿತ್ತು.

"ನಿಲ್ಲಸಪಾ, ಇಲ್ಲೇ ಇಳೀತೇನಿ."

"ಹಂಸಭಾವಿ ಇನ್ನೂ ದೂರ ಐತ್ರಿ ಯವ್ವಾ. ಮತ್ತ ಬಸ್ಸ ಸಂಜಿಗೇ."

ಇಳಿದೆ. ಬಾಗಿಲಲ್ಲಿ ನಿಂತರೆ ಮಾಸ್ತರ ನನ್ನ ಕಡೆ ಬೆನ್ನು ಮಾಡಿ, ಕುತ್ತಿಗೆಯ ನರ ಉಬ್ಬಿಸಿ, ಹದಿನಾರಕ್ಕೆ ಹೋಗಿದ್ದ. ಕೋಣೆಯ ತುಂಬ ಒದರಾಟ. ನಾನು ಕರೆದರೆ ಕೇಳುವಂತಿರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಆ ಚಿಪಳಿ ತೂಗುತ್ತಿತ್ತು. ಬಿಲ್ಲೆಗಳ ಮೇಲೆ ಖಡುವಿನ ಪುಡಿ ಕೂತಿತ್ತು. ತೆಗೆದುಕೊಂಡು ಒಂದು ಏಟು ಹೊಡೆದೆ.

ಮಕ್ಕಳು ಅಲ್ಲಿಂದಲ್ಲಿಗೇ ಬಾಯಿ ಮುಚ್ಚಿದರು. ಪಾಟಿಗಳೆಲ್ಲ ಮೇಲೆದ್ದವು. ತಲೆಗಳು ಬಾಗಿಲ ಕಡೆ ಹೊರಳಿದವು. ಯಾರನ್ನು ಹುಡುಕಿದವೋ ಅವಳಲ್ಲ ನಾನೆಂದು ಕಂಡರೂ ಪಾಟಿಗಳು ಕೆಳಗಿಳಿಯಲಿಲ್ಲ. ಮಾಸ್ತರ ಇನ್ನೂ 'ಹದಿನಾರ ನಾಲ್ಕಲೆ' ಎಂದು ಬಾಯಿ ತೆರೆದವನು ಹಾಗೆಯೇ ನಿಂತಿದ್ದ. ಏನೋ ಹೇಳಲು ಹೋದ. ಮಾತಿನ ಬದಲು ಕೆಮ್ಮು ಬಂತು. ಆ ಸುಮ್ಮನಾದ ಕೋಣೆಯಲ್ಲಿ ಅದು ಬಹಳ ಹೊತ್ತು ಕೇಳುತ್ತಲೇ ಇತ್ತು.